ಎರಡನೇ ಗೆರೆಗೆ ಕಾಯುವ ಹೊತ್ತು

ಬೆಳಿಗ್ಗೆ ಲ್ಯಾಬಿಗೆ ಕಾಲಿಟ್ಟ ಕೂಡಲೇ ನನ್ನ ಕಣ್ಣು ಹೋಗುತ್ತಿದ್ದುದು ಗೋಡೆ ಪಕ್ಕದ ಎಂಜಿಐಟಿ ಯಂತ್ರದ ಕಡೆಗೆ. ಬೀರುವಿನಂಥ ಮೈ, ಮೂರು ಡ್ರಾಯರ್, ಒಂದೊಂದರಲ್ಲಿ 320 ಟ್ಯೂಬು. ದೀಪ ಹೊತ್ತಿಕೊಂಡಿದೆ ಎಂದರೆ ರಾತ್ರಿ ನಾವು ಮಲಗಿದ್ದಾಗ ಯಾರದೋ ಕಫದೊಳಗಿನ ಜೀವಿಯೊಂದು ಬೆಳೆದಿದೆ ಎಂದರ್ಥ. ಕ್ಷಯದ ಕಲ್ಚರ್ ಲ್ಯಾಬಿನಲ್ಲಿ ಹದಿನಾಲ್ಕು ವರ್ಷ ಕೆಲಸ ಮಾಡಿದ ಮೇಲೂ ಆ ದೀಪ ಕಂಡಾಗ ಎದೆ ಒಮ್ಮೆ ಢವ ಅನ್ನುವುದು ನಿಲ್ಲಲಿಲ್ಲ.

ಟ್ಯೂಬನ್ನು ಕೈಗೆತ್ತಿಕೊಂಡು ಅಲುಗಿಸದೆ ಬೆಳಕಿಗೆ ಹಿಡಿಯಬೇಕು. ಮೇಲಿನ ದ್ರವ ತಿಳಿಯಾಗಿದ್ದು, ತಳದಲ್ಲಿ ಅಕ್ಕಿನುಚ್ಚು ಉದುರಿಸಿದ ಹಾಗೆ ಬಿಳಿ ಚೂರುಗಳು ಕೂತಿದ್ದರೆ ಅದು ಕ್ಷಯದ ಲಕ್ಷಣ. ಹಾಲು ಒಡೆದಂತೆ ಇಡೀ ದ್ರವ ಕದಡಿದ್ದರೆ ಬಾಯಿಯ ಯಾವುದೋ ಸಾಮಾನ್ಯ ಬ್ಯಾಕ್ಟೀರಿಯಾ ನುಗ್ಗಿದೆ ಎಂಬ ಶಂಕೆ. ಆದರೆ ಇದು ಬರೀ ಕಣ್ಣಂದಾಜು. ಭತ್ತದ ಗದ್ದೆಯಲ್ಲಿ ಸಸಿ ಎಳೆಯದಾಗಿರುವಾಗ ಕಳೆಯೂ ಪೈರಿನಂತೆಯೇ ಕಾಣುತ್ತದೆ. ಅನುಭವಸ್ಥರೂ ಮೋಸ ಹೋಗುತ್ತಾರೆ. ಯಂತ್ರಕ್ಕಂತೂ ಬೆಳೆಯೂ ಒಂದೇ, ಕಳೆಯೂ ಒಂದೇ. ಟ್ಯೂಬಿನ ತಳದಲ್ಲಿ ಸಿಲಿಕೋನಿನಲ್ಲಿ ಹುದುಗಿಸಿದ ಒಂದು ರಾಸಾಯನಿಕವಿದೆ. ದ್ರವದಲ್ಲಿ ಆಮ್ಲಜನಕ ಇರುವವರೆಗೆ ಅದು ಮಂಕಾಗಿರುತ್ತದೆ. ಜೀವಿಗಳು ಉಸಿರಾಡಿ ಆಮ್ಲಜನಕ ಮುಗಿಸಿದಂತೆ ನೇರಳಾತೀತ ಬೆಳಕಿನಡಿ ಕಿತ್ತಳೆ ಬಣ್ಣಕ್ಕೆ ಹೊಳೆಯತೊಡಗುತ್ತದೆ. ಯಂತ್ರ ಗಂಟೆಗೊಮ್ಮೆ ಆ ಹೊಳಪನ್ನು ಅಳೆಯುತ್ತದೆ, ಅಷ್ಟೆ. ಉಸಿರಾಡುತ್ತಿರುವವರು ಯಾರು ಎಂದು ಅದಕ್ಕೆ ಗೊತ್ತಿಲ್ಲ.

ಯಾರು ಎಂಬ ಆ ಪ್ರಶ್ನೆಗೆ ಉತ್ತರ ಹುಡುಕುವುದೇ ನಮ್ಮ ಕೆಲಸ. ಹೊರಗಿನವರಿಗೆ ‘ಪಾಸಿಟಿವ್’ ಎಂಬ ಮಾತು ಕೇಳಿದರೆ ಸಾಕು, ಎಲ್ಲ ಮುಗಿಯಿತು ಅನ್ನಿಸುತ್ತದೆ. ನಮಗೆ ಕೆಲಸ ಶುರುವಾಗುವುದೇ ಅಲ್ಲಿಂದ.

ಈ ಕೆಲಸ ಇಷ್ಟು ಕಾಲ ಹಿಡಿಯುವುದು ಏಕೆ ಎಂಬುದನ್ನು ಒಂದು ಲೆಕ್ಕದಿಂದ ಹೇಳಬಹುದು. ಕರುಳಿನಲ್ಲಿರುವ ಇ. ಕೋಲಿ ಬ್ಯಾಕ್ಟೀರಿಯಾ ಅನುಕೂಲ ಸಿಕ್ಕರೆ 20 ನಿಮಿಷಕ್ಕೊಮ್ಮೆ ಇಬ್ಭಾಗವಾಗುತ್ತದೆ. ಮೂವತ್ತು ಸಲ ಇಬ್ಭಾಗವಾದರೆ ಒಂದು ಇದ್ದದ್ದು ನೂರು ಕೋಟಿ ದಾಟುತ್ತದೆ. ಅದಕ್ಕೆ ಬೇಕಾದದ್ದು ಹತ್ತೇ ಗಂಟೆ. ರಾತ್ರಿ ಹಾಕಿದ ದೋಸೆ ಹಿಟ್ಟು ಬೆಳಿಗ್ಗೆ ಉಬ್ಬುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಕ್ಷಯದ ಬ್ಯಾಕ್ಟೀರಿಯಾ ಒಂದು ಸಲ ಇಬ್ಭಾಗವಾಗಲು ಸುಮಾರು 20 ಗಂಟೆ ತೆಗೆದುಕೊಳ್ಳುತ್ತದೆ. ಅದೇ ಮೂವತ್ತು ಸಲಕ್ಕೆ 25 ದಿನ. ಮೈಮೇಲೆ ದಪ್ಪ ಮೇಣದ ಕವಚ, ಒಳಗೆ ಆಹಾರ ಇಳಿಯುವುದೇ ನಿಧಾನ. ಪ್ರೋಟೀನು ತಯಾರಿಸುವ ರೈಬೋಸೋಮಿಗೆ ಬೇಕಾದ ವಂಶವಾಹಿ ಸರಣಿ ಇ. ಕೋಲಿಯಲ್ಲಿ ಏಳು ಪ್ರತಿ ಇದ್ದರೆ ಇದರಲ್ಲಿ ಒಂದೇ ಒಂದು. ಈ ನಿಧಾನವೇ ಅದರ ಬಲ. ದೇಹದಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಕೂರಲು, ಔಷಧಿಯ ಹೊಡೆತವನ್ನು ತಿಂಗಳುಗಟ್ಟಲೆ ತಾಳಿಕೊಳ್ಳಲು ಅದಕ್ಕೆ ನೆರವಾಗುವ ಗುಣಗಳಲ್ಲಿ ಇದೂ ಒಂದು.

ಈ ನಿಧಾನಕ್ಕೆ ಮೊದಲು ತಾಳ್ಮೆಯಿಂದ ಕಾದವರು ರಾಬರ್ಟ್ ಕಾಖ್. ದನ, ಕುರಿಗಳ ರಕ್ತದ ಸೀರಮ್ಮನ್ನು ಬಿಸಿ ಮಾಡಿ ಗಟ್ಟಿಸಿ, ಅದರ ಮೇಲೆ ಕ್ಷಯದ ಗಂಟುಗಳ ಚೂರು ಇಟ್ಟು ಕಾವುಪೆಟ್ಟಿಗೆಯಲ್ಲಿ ಬೆಳೆಸಿದರು. ಮೊದಲ ವಾರ ಏನೂ ಕಾಣದು. ಬೇರೆ ಬ್ಯಾಕ್ಟೀರಿಯಾಗಳ ಅಭ್ಯಾಸವಿದ್ದವರು ಅಷ್ಟರಲ್ಲಿ ಟ್ಯೂಬು ಎಸೆದುಬಿಡುತ್ತಿದ್ದರು. ಕಾಖ್ ಎಸೆಯಲಿಲ್ಲ. ಎರಡನೇ ವಾರ ಸಣ್ಣ ಒಣ ಹೊಪ್ಪಳಿಕೆಗಳಂತೆ ಬೆಳೆ ಕಾಣಿಸಿಕೊಂಡಿತು. 1882ರ ಮಾರ್ಚ್ 24ರ ಸಂಜೆ ಬರ್ಲಿನ್ನಿನ ಶರೀರಶಾಸ್ತ್ರ ಸಂಘದ ಸಭೆಯಲ್ಲಿ ಅವರು ಅದನ್ನು ಮಂಡಿಸಿದರು. ಇಂದು ಮಾರ್ಚ್ 24 ವಿಶ್ವ ಕ್ಷಯರೋಗ ದಿನವಾಗಿರುವುದು ಅದೇ ನೆನಪಿಗೆ. ಸಭೆಯಲ್ಲಿ ಕೂತಿದ್ದ ಪೌಲ್ ಎರ್ಲಿಕ್ ಎಂಬ ತರುಣ ವೈದ್ಯ ಬಣ್ಣ ಹಾಕುವ ವಿಧಾನವನ್ನು ಬಲುಬೇಗ ಸುಧಾರಿಸಿದ. ಕೆಲವು ವರ್ಷಗಳಲ್ಲಿ ತನ್ನದೇ ವಿಧಾನದಿಂದ ತನ್ನದೇ ಕಫದಲ್ಲಿ ಆ ಬ್ಯಾಕ್ಟೀರಿಯಾ ಕಂಡು, ಚೇತರಿಸಿಕೊಳ್ಳಲು ಈಜಿಪ್ಟಿಗೆ ಹೋಗಬೇಕಾಯಿತು. ಸ್ಲೈಡಿಗೆ ಬಣ್ಣ ಹಾಕುವಾಗಲೆಲ್ಲ ನನಗೆ ಈ ಸಂಗತಿ ನೆನಪಾಗುತ್ತಿತ್ತು. ನಮ್ಮ ಲ್ಯಾಬುಗಳಲ್ಲೂ ತಮ್ಮ ಕಫವನ್ನು ತಾವೇ ಪರೀಕ್ಷಿಸಿಕೊಂಡ ಟೆಕ್ನಿಷಿಯನ್‌ಗಳು ಇದ್ದಾರೆ.

ಎರ್ಲಿಕ್‌ನ ವಿಧಾನವನ್ನು ಝೀಲ್ ಮತ್ತು ನೀಲ್ಸನ್ ಎಂಬಿಬ್ಬರು ತಿದ್ದಿದರು. ಅದೇ ಇಂದಿಗೂ ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ಬಳಕೆಯಲ್ಲಿರುವ ಝಡ್‌ಎನ್ ಬಣ್ಣ. ಕಾರ್ಬಾಲ್ ಫುಕ್ಸಿನ್ ಸುರಿದು ಕೆಳಗಿನಿಂದ ಬಿಸಿ ಮಾಡಿದರೆ ಮೇಣದ ಕವಚ ಕೆಂಪು ಬಣ್ಣ ಹೀರಿಕೊಳ್ಳುತ್ತದೆ. ಆಮ್ಲ ಹಾಕಿ ತೊಳೆದರೂ ಬಿಡದು. ಉಳಿದದ್ದೆಲ್ಲ ನೀಲಿಗೆ ತಿರುಗುತ್ತದೆ. ನೀಲಿ ಬಯಲಿನಲ್ಲಿ ಸಣ್ಣ ಕೆಂಪು ಕಡ್ಡಿಗಳು. ಅರ್ಧ ದಿನದಲ್ಲಿ ಫಲಿತಾಂಶ, ಖರ್ಚು ಕಡಿಮೆ. ಆದರೆ ಒಂದು ಮಿಲಿಲೀಟರ್ ಕಫದಲ್ಲಿ ಐದರಿಂದ ಹತ್ತು ಸಾವಿರ ಬ್ಯಾಕ್ಟೀರಿಯಾ ಇದ್ದರಷ್ಟೇ ಕಣ್ಣಿಗೆ ಬೀಳುತ್ತವೆ. ಮೇಲಾಗಿ ಮೇಣದ ಕವಚ ತೊಟ್ಟವರು ಕ್ಷಯದವರು ಮಾತ್ರವಲ್ಲ. ಆ ಕುಲದಲ್ಲಿ ದಾಯಾದಿಗಳು ನೂರಕ್ಕೂ ಹೆಚ್ಚು. ಬಹಳಷ್ಟು ಮಣ್ಣಿನಲ್ಲಿ, ಕೆರೆಯಲ್ಲಿ, ನಲ್ಲಿಯ ನೀರಿನಲ್ಲಿ ಇರುವವು. ಸ್ಲೈಡಿನಲ್ಲಿ ಅವೂ ಕೆಂಪು ಕಡ್ಡಿಗಳೇ.

ನಾನು ಕೆಲಸಕ್ಕೆ ಸೇರಿದಾಗ ನಮ್ಮಲ್ಲಿ ಎಂಜಿಐಟಿ ಯಂತ್ರ ಇನ್ನೂ ಬಂದಿರಲಿಲ್ಲ. ಇದ್ದದ್ದು ಎಲ್‌ಜೆ. ಲೊವೆನ್‌ಸ್ಟೈನ್, ಯೆನ್ಸೆನ್ ಎಂಬವರ ಹೆಸರಿನ ಈ ಮಾಧ್ಯಮದ ಮುಖ್ಯ ಸಾಮಗ್ರಿ ಕೋಳಿಮೊಟ್ಟೆ. ವಾರಕ್ಕೊಂದು ದಿನ ಮೊಟ್ಟೆ ಒಡೆಯುವ ದಿನ. ಟ್ರೇಗಟ್ಟಲೆ ಮೊಟ್ಟೆಗಳನ್ನು ಸೋಪು ನೀರಿನಲ್ಲಿ ಉಜ್ಜಿ, ಸ್ಪಿರಿಟ್ಟಿನಲ್ಲಿ ಅದ್ದಿ, ಒಂದೊಂದಾಗಿ ಒಡೆದು, ತೆಳುಬಟ್ಟೆಯಲ್ಲಿ ಸೋಸಿ, ಗ್ಲಿಸರಿನ್, ಲವಣ, ಮ್ಯಾಲಕೈಟ್ ಗ್ರೀನ್ ಬೆರೆಸುತ್ತಿದ್ದೆವು. ಸಣ್ಣ ಬಾಟಲಿಗಳಿಗೆ ತುಂಬಿ, ಓರೆಯಾಗಿ ಮಲಗಿಸಿ, ಬಿಸಿಯಲ್ಲಿ ಗಟ್ಟಿಸಿದರೆ ಮರಗೆಣಸಿನ ಎಲೆಯಂಥ ಹಸಿರು ಇಳಿಜಾರು ಸಿದ್ಧ. ನಾವು ಅದನ್ನು ‘ಸ್ಲೋಪ್’ ಅನ್ನುತ್ತಿದ್ದೆವು. ಕಫ ಹಾಕಿದ ಸ್ಲೋಪನ್ನು ಎಂಟು ವಾರದವರೆಗೆ ವಾರವಾರ ತೆಗೆದು ನೋಡಬೇಕು. ಮೂರೋ ನಾಲ್ಕೋ ವಾರಕ್ಕೆ ಕೆನೆಬಣ್ಣದ, ಒರಟೊರಟಾದ, ಹೂಕೋಸಿನ ಚೂರಿನಂಥ ಗುಪ್ಪೆ ಎದ್ದರೆ ಸಂತೋಷವೋ ಸಂಕಟವೋ ಹೇಳಲಾಗದು.

ಅಲ್ಲಿಗೂ ಮುಗಿಯುತ್ತಿರಲಿಲ್ಲ. ಬೆಳೆದದ್ದು ಕ್ಷಯವೋ ದಾಯಾದಿಯೋ ತಿಳಿಯಲು ಮತ್ತೆ ಕೆಲವು ವಾರ. ಅದರ ಒಂದಷ್ಟನ್ನು ಪಿಎನ್‌ಬಿ ಎಂಬ ರಾಸಾಯನಿಕ ಬೆರೆಸಿದ ಸ್ಲೋಪಿಗೆ ದಾಟಿಸುತ್ತಿದ್ದೆವು. ಕ್ಷಯದ್ದಾದರೆ ಅದರಲ್ಲಿ ಬೆಳೆಯದು, ದಾಯಾದಿಗಳು ಬೆಳೆಯುತ್ತವೆ. ಏನೂ ಬೆಳೆಯಲಿಲ್ಲ ಎಂದು ಖಚಿತಪಡಿಸಲು ಇಪ್ಪತ್ತೆಂಟು ದಿನ ಕಾಯಬೇಕು. ಇನ್ನೊಂದು, ನಯಾಸಿನ್ ಪರೀಕ್ಷೆ. ಅದಕ್ಕೆ ಬಳಸುವ ಸಯನೋಜನ್ ಬ್ರೋಮೈಡ್ ಕಣ್ಣು ಉರಿಸುವ ವಿಷ. ಕಫ ಕೊಟ್ಟು ಹೋದವರ ಮನೆಯಲ್ಲಿ ಇಷ್ಟರಲ್ಲಿ ಎರಡು, ಎರಡೂವರೆ ತಿಂಗಳು ಕಳೆದಿರುತ್ತಿತ್ತು. ನಾವು ಬರೆದು ಕಳಿಸಿದ ರಿಪೋರ್ಟು ತಲುಪುವ ಹೊತ್ತಿಗೆ ರೋಗಿಯೇ ಇಲ್ಲವಾದ ಸುದ್ದಿ ಬಂದದ್ದು ಒಂದೆರಡು ಸಲವಲ್ಲ.

ಈ ಇಪ್ಪತ್ತೆಂಟು ದಿನವನ್ನು ಹದಿನೈದು ನಿಮಿಷಕ್ಕೆ ಇಳಿಸಿದ್ದು ಕೈಬೆರಳಿನಷ್ಟು ಉದ್ದದ ಒಂದು ಪ್ಲಾಸ್ಟಿಕ್ ಪಟ್ಟಿ.

ಅದರ ಹಿಂದಿನ ವಿಚಾರ ಸರಳ, ಸುಂದರ. ಕ್ಷಯದ ಬ್ಯಾಕ್ಟೀರಿಯಾ ಬೆಳೆಯುವಾಗ ಸುತ್ತಲ ದ್ರವಕ್ಕೆ ಕೆಲವು ಪ್ರೋಟೀನುಗಳನ್ನು ಸ್ರವಿಸುತ್ತದೆ. ಜಪಾನಿನ ನಾಗಾಯ್, ನಾರ್ವೆಯ ಹಾರ್ಬೋ ಮತ್ತು ಸಂಗಡಿಗರು ಆ ದ್ರವವನ್ನು ಸೋಸಿ ಒಂದೊಂದೇ ಪ್ರೋಟೀನನ್ನು ಬೇರ್ಪಡಿಸಿದರು. ಅವುಗಳಲ್ಲಿ ಒಂದು ಎಂಪಿಟಿ64. ವಿದ್ಯುತ್ ಹರಿಸಿದ ಜೆಲ್ಲಿನಲ್ಲಿ ಅದು ಸರಿದ ದೂರದ ಅನುಪಾತ 0.64, ಹೆಸರಿನ ಕೊನೆಯ ಅಂಕಿ ಬಂದದ್ದು ಅಲ್ಲಿಂದ. ಮುಖ್ಯವಾದ ಮಾತೆಂದರೆ, ಇದನ್ನು ಸ್ರವಿಸುವುದು ಕ್ಷಯದ ಬ್ಯಾಕ್ಟೀರಿಯಾ ಮತ್ತು ಅದರ ತೀರ ಹತ್ತಿರದ ಒಡಹುಟ್ಟುಗಳ ಗುಂಪು. ನೀರಿನ, ಮಣ್ಣಿನ ದಾಯಾದಿಗಳು ಸ್ರವಿಸುವುದಿಲ್ಲ. ಅಂದರೆ ಬ್ಯಾಕ್ಟೀರಿಯಾ ತಾನು ಬೆಳೆಯುವ ನೀರಿನಲ್ಲೇ ತನ್ನ ಸಹಿ ಹಾಕಿಡುತ್ತದೆ. ಅದನ್ನು ಗುರುತಿಸುವ ಪ್ರತಿಕಾಯಗಳನ್ನು ಪಟ್ಟಿಯ ಮೇಲೆ ಕೂರಿಸಿದರೆ ಆಯಿತು.

ಕೆಲಸ ನಡೆಯುವುದು ಹೀಗೆ. ಎರಡು ಬಾಗಿಲಿನ ಆಚೆ, ಗಾಳಿ ಒಳಗೆ ಮಾತ್ರ ಎಳೆದುಕೊಳ್ಳುವ ಕೋಣೆ. ಎನ್95 ಮಾಸ್ಕು, ಗೌನು, ಎರಡು ಜೊತೆ ಗ್ಲೌಸು. ಸುರಕ್ಷತಾ ಕ್ಯಾಬಿನೆಟ್ಟಿನೊಳಗೆ ಟ್ಯೂಬಿನ ಮುಚ್ಚಳ ತಿರುಗಿಸುವಾಗ ಉಸಿರು ತಾನಾಗಿಯೇ ಬಿಗಿಯಾಗುತ್ತದೆ. ಆ ಒಂದು ಟ್ಯೂಬಿನಲ್ಲಿ ಎಷ್ಟು ಜನರಿಗೆ ಆಗುವಷ್ಟು ಕ್ಷಯವಿದೆ ಎಂದು ಕೈಗೆ ಗೊತ್ತು. ಪಿಪೆಟ್ಟಿನಲ್ಲಿ 100 ಮೈಕ್ರೋಲೀಟರ್, ಎಂದರೆ ಎರಡು ಹನಿಯಷ್ಟು, ಎಳೆದು ಪಟ್ಟಿಯ ಕುಳಿಗೆ ಬಿಡಬೇಕು. ಒದ್ದೆ ನಿಧಾನವಾಗಿ ಪಟ್ಟಿಯುದ್ದಕ್ಕೂ ಏರುತ್ತದೆ, ಧೋತ್ರದ ಅಂಚು ನೀರು ಹೀರಿದ ಹಾಗೆ. ‘ಸಿ’ ಅಕ್ಷರದೆದುರು ಒಂದು ಗೆರೆ ಮೂಡುತ್ತದೆ: ಪಟ್ಟಿ ಸರಿಯಾಗಿದೆ ಎಂಬುದರ ಗುರುತು. ಇನ್ನು ಎಲ್ಲವೂ ‘ಟಿ’ ಎದುರಿನ ಎರಡನೇ ಗೆರೆಯ ಮೇಲೆ. ಕೆಲವೊಮ್ಮೆ ಎರಡೇ ನಿಮಿಷದಲ್ಲಿ ಕುಂಕುಮದಂತೆ ಢಾಳಾಗಿ ಬರುತ್ತದೆ. ಕೆಲವೊಮ್ಮೆ ಹದಿಮೂರನೇ ನಿಮಿಷದಲ್ಲಿ, ಇದೆಯೋ ಇಲ್ಲವೋ ಎಂಬಷ್ಟು ತೆಳುವಾಗಿ. ತೆಳು ಗೆರೆಯೂ ಗೆರೆಯೇ.

ಪಕ್ಕದಲ್ಲೇ ಒಂದು ಸ್ಲೈಡು, ಒಂದು ಬ್ಲಡ್ ಅಗಾರ್ ತಟ್ಟೆ. ಸ್ಲೈಡಿನಲ್ಲಿ ಕೆಂಪು ಕಡ್ಡಿಗಳು ಒಂದಕ್ಕೊಂದು ಅಂಟಿ ಹೆರಳು ಹೆಣೆದಂತೆ ಕಂಡರೆ ಅದು ಕ್ಷಯದ ನಡೆ. ತಟ್ಟೆಯಲ್ಲಿ ಒಂದೆರಡು ದಿನದಲ್ಲಿ ಏನಾದರೂ ಎದ್ದರೆ ಟ್ಯೂಬಿನಲ್ಲಿ ಬೇರೆ ಅತಿಥಿಗಳೂ ಇದ್ದಾರೆ. ಮೂರೂ ಒಟ್ಟಿಗೆ ಸಾಕ್ಷಿ ಹೇಳಿದರೆ ಮಾತ್ರ ರಿಪೋರ್ಟಿಗೆ ಸಹಿ.

ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ದ್ರವ ಮಾಧ್ಯಮದ ಕಲ್ಚರನ್ನು ಬಡ ದೇಶಗಳಿಗೂ ಶಿಫಾರಸು ಮಾಡಿದಾಗ, ಜೊತೆಯಲ್ಲೇ ಇಂಥ ಶೀಘ್ರ ಗುರುತಿನ ಪರೀಕ್ಷೆಯೂ ಇರಬೇಕು ಎಂದಿತು. ಆ ಮಾತಿಗೆ ಕಾರಣವಿದೆ. ದ್ರವದಲ್ಲಿ ಬೆಳೆ ಸಾಮಾನ್ಯವಾಗಿ ಎರಡು ವಾರದ ಆಸುಪಾಸಿನಲ್ಲಿ ಬರುತ್ತದೆ, ನಿಜ. ಆದರೆ ಅಷ್ಟೇ ಸಲೀಸಾಗಿ ದಾಯಾದಿಗಳೂ ಬೆಳೆಯುತ್ತವೆ. ಹೆಸರು ಹಿಡಿಯುವ ದಾರಿಯಿಲ್ಲದೆ ಬೇಗ ಬೆಳೆಸುವುದು ಅಪಾಯ.

ಅಪಾಯ ಎಂಥದೆಂದು ನಾನು ಹತ್ತಿರದಿಂದ ಕಂಡಿದ್ದೇನೆ. ಹತ್ತು ವರ್ಷಕ್ಕೂ ಹಿಂದಿನ ಮಾತು. ಕರಾವಳಿ ಕಡೆಯ ನಿವೃತ್ತ ಶಿಕ್ಷಕಿಯೊಬ್ಬರು, ಅರವತ್ತು ದಾಟಿದವರು. ಖಾಸಗಿ ಆಸ್ಪತ್ರೆಯೊಂದರಲ್ಲಿ ಎಂಟು ತಿಂಗಳು ಕ್ಷಯದ ಮಾತ್ರೆ ತಿಂದಿದ್ದರು. ಕಫದ ಸ್ಲೈಡು ಮಾತ್ರ ಪ್ರತಿ ಸಲ ಪಾಸಿಟಿವ್. ಮಾತ್ರೆಗೆ ಬಗ್ಗದ ಕ್ಷಯ, ಎಂಡಿಆರ್ ಇರಬೇಕು ಎಂದು ತೀರ್ಮಾನಿಸಿ ಇಂಜೆಕ್ಷನ್ ಶುರು ಮಾಡುವುದರಲ್ಲಿದ್ದರು. ಆಗಿನ ಆ ಇಂಜೆಕ್ಷನ್ನು ತಿಂಗಳುಗಟ್ಟಲೆ ಹಾಕಿಸಿಕೊಂಡವರಲ್ಲಿ ಎಷ್ಟೋ ಜನರ ಕಿವಿ ಕೇಳದಾಗಿತ್ತು. ಅದಕ್ಕೆ ಮುಂಚೆ ಒಂದು ಕಲ್ಚರ್ ಆಗಲಿ ಎಂದು ಮಾದರಿ ನಮ್ಮಲ್ಲಿಗೆ ಬಂತು. ಟ್ಯೂಬು ಒಂಬತ್ತನೇ ದಿನವೇ ಪಾಸಿಟಿವ್. ಸ್ಲೈಡಿನಲ್ಲಿ ಕೆಂಪು ಕಡ್ಡಿಗಳಿದ್ದವು, ಆದರೆ ಹೆರಳಿರಲಿಲ್ಲ, ಚದುರಿ ಬಿದ್ದಿದ್ದವು. ಪಟ್ಟಿಯಲ್ಲಿ ಒಂದೇ ಗೆರೆ. ಹದಿನೈದು ನಿಮಿಷ ಆಯಿತು, ಎರಡನೇ ಗೆರೆ ಬರಲಿಲ್ಲ. ಇನ್ನೊಂದು ಪಟ್ಟಿ, ಮರುದಿನ ಮತ್ತೊಂದು. ಬರಲೇ ಇಲ್ಲ. ಡಿಎನ್‌ಎ ಪರೀಕ್ಷೆಗೆ ಕಳಿಸಿದಾಗ ಸಿಕ್ಕ ಹೆಸರು ಮೈಕೋಬ್ಯಾಕ್ಟೀರಿಯಂ ಇಂಟ್ರಾಸೆಲ್ಯುಲೇರ್. ನೀರು, ಮಣ್ಣಿನ ದಾಯಾದಿ. ಅದು ಒಬ್ಬರಿಂದ ಒಬ್ಬರಿಗೆ ಹರಡುವಂಥದಲ್ಲ. ಅದಕ್ಕೆ ಮದ್ದೇ ಬೇರೆ.

ಆ ತಾಯಿ ಎಂಟು ತಿಂಗಳು ಮೊಮ್ಮಗುವನ್ನು ಎತ್ತಿಕೊಂಡಿರಲಿಲ್ಲವಂತೆ. ತಟ್ಟೆ ಲೋಟ ಬೇರೆ, ಮಲಗುವ ಕೋಣೆ ಬೇರೆ. ಫೋನಿನಲ್ಲಿ ಅವರ ಮಗ ಇದನ್ನು ಹೇಳುವಾಗ ದನಿ ಕಟ್ಟಿಹೋಯಿತು. ನನಗೂ ಮಾತು ಹೊರಡಲಿಲ್ಲ. ರೋಗದ ಹೆಸರು ತಪ್ಪಾದರೆ ತಪ್ಪುವುದು ಮಾತ್ರೆಯೊಂದೇ ಅಲ್ಲ.

ಹಾಗೆಂದು ಪಟ್ಟಿಯನ್ನು ದೇವರು ಮಾಡಬಾರದು. ಎಂಪಿಟಿ64ರ ವಂಶವಾಹಿಯಲ್ಲೇ ಬದಲಾವಣೆಯಾದ ಕ್ಷಯದ ತಳಿಗಳಿವೆ; ಅವು ಸಹಿ ಹಾಕುವುದಿಲ್ಲ. ಬೆಳೆ ತೀರ ಎಳೆಯದಾಗಿದ್ದರೂ ಗೆರೆ ಮೂಡದು. ಎರಡನೇ ಗೆರೆ ಬಂದರೆ ಕ್ಷಯ ಎಂದು ಧೈರ್ಯವಾಗಿ ಹೇಳಬಹುದು. ಬರದಿದ್ದರೆ ‘ಕ್ಷಯವಲ್ಲ’ ಎಂದು ಬರೆಯಕೂಡದು; ಇನ್ನಷ್ಟು ಹುಡುಕಬೇಕು. ಈ ವ್ಯತ್ಯಾಸವನ್ನು ಹೊಸದಾಗಿ ಬಂದ ಪ್ರತಿ ಟೆಕ್ನಿಷಿಯನ್ನಿಗೂ ಹೇಳಿದ್ದೇನೆ. ಅವರಿಗೆ ಬೇಸರವಾಗುವಷ್ಟು ಹೇಳಿದ್ದೇನೆ.

ಈಗ ಟ್ರೂನ್ಯಾಟ್, ಸಿಬಿನ್ಯಾಟ್ ಬಂದಿವೆಯಲ್ಲ, ಕಲ್ಚರ್ ಯಾಕೆ ಬೇಕು ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಸಿಬಿನ್ಯಾಟ್‌ಗೆ ವಿಶ್ವ ಆರೋಗ್ಯ ಸಂಸ್ಥೆಯ ಮನ್ನಣೆ ಸಿಕ್ಕಿದ್ದು 2010ರಲ್ಲಿ. ಕಫದಿಂದ ನೇರವಾಗಿ ಕ್ಷಯದ ಡಿಎನ್‌ಎ ಹಿಡಿದು, ರಿಫಾಂಪಿಸಿನ್ ಔಷಧಿಗೆ ಬಗ್ಗುತ್ತದೋ ಇಲ್ಲವೋ ಎಂಬುದನ್ನೂ ಎರಡು ಗಂಟೆಯೊಳಗೆ ಹೇಳುತ್ತದೆ. ಆದರೆ ಅದಕ್ಕೆ ಕರೆಂಟು ಸರಿಯಾಗಿರಬೇಕು, ಕೋಣೆ ತಂಪಾಗಿರಬೇಕು. ಈ ತೊಡಕನ್ನು ನೀಗಿಸಿದ ಟ್ರೂನ್ಯಾಟ್ ನಮ್ಮದೇ. ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್‌ನಲ್ಲಿ ಅಭಿವೃದ್ಧಿಯಾಗಿ, ಗೋವಾದ ಮೋಲ್ಬಯೋ ಸಂಸ್ಥೆಯಲ್ಲಿ ತಯಾರಾಗುವ ಪೆಟ್ಟಿಗೆ. ಬ್ಯಾಟರಿಯಲ್ಲಿ ನಡೆಯುತ್ತದೆ, ಪ್ರಾಥಮಿಕ ಆರೋಗ್ಯ ಕೇಂದ್ರದ ಮೇಜಿನ ಮೇಲೆ ಕೂರುತ್ತದೆ. 2020ರಲ್ಲಿ ಅದಕ್ಕೂ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿಗೆ ಕೊಟ್ಟಿತು. ನನಗೆ ಇದರ ಬಗ್ಗೆ ಅಪಾರ ಅಭಿಮಾನ. ಮೊದಲ ಪರೀಕ್ಷೆ ಅದೇ ಆಗಬೇಕು, ಅನುಮಾನವಿಲ್ಲ.

ಆದರೆ ಡಿಎನ್‌ಎ ಸತ್ತ ಬ್ಯಾಕ್ಟೀರಿಯಾದಲ್ಲೂ ಇರುತ್ತದೆ. ಮಾತ್ರೆ ಶುರುವಾದ ಮೇಲೆ ಒಳಗಿರುವವು ಸತ್ತಿವೆಯೋ ಬದುಕಿವೆಯೋ ತಿಳಿಯಲು ಬೆಳೆಸಿಯೇ ನೋಡಬೇಕು. ಎಂಡಿಆರ್ ರೋಗಿಗಳ ಕಫವನ್ನು ಚಿಕಿತ್ಸೆಯುದ್ದಕ್ಕೂ ಮತ್ತೆ ಮತ್ತೆ ಕಲ್ಚರಿಗೆ ಹಾಕುವುದು ಅದಕ್ಕೇ. ಬೆಡಾಕ್ವಿಲಿನ್‌ನಂಥ ಹೊಸ ಔಷಧಿಗೆ ಬ್ಯಾಕ್ಟೀರಿಯಾ ಬಗ್ಗುತ್ತದೋ ಎಂಬುದನ್ನು ಪರೀಕ್ಷಿಸಲೂ ಹೆಚ್ಚಾಗಿ ಜೀವಂತ ಬೆಳೆಯೇ ಬೇಕು. ಇನ್ನು ಮಿಲಿಲೀಟರಿಗೆ ಬರೀ ಹತ್ತೋ ನೂರೋ ಬ್ಯಾಕ್ಟೀರಿಯಾ ಇದ್ದರೂ ಕಲ್ಚರ್ ಹಿಡಿಯಬಲ್ಲದು. ಯಂತ್ರಗಳಿಗೆ ಸಿಗದೆ ಜಾರಿಹೋದ ಎಷ್ಟೋ ಜನ ಅಲ್ಲಿ ಸಿಕ್ಕಿದ್ದಾರೆ. ‘ಶೀಘ್ರ’ ಎಂದ ಮಾತ್ರಕ್ಕೆ ಎಲ್ಲವೂ ಒಳ್ಳೆಯದಲ್ಲ ಎಂಬುದಕ್ಕೂ ನಮ್ಮ ದೇಶದಲ್ಲೇ ಪಾಠವಿದೆ. ರಕ್ತದಲ್ಲಿ ಪ್ರತಿಕಾಯ ನೋಡಿ ಕ್ಷಯ ಹೇಳುವ ಕಿಟ್‌ಗಳು ಒಂದು ಕಾಲಕ್ಕೆ ಊರೂರಿನ ಲ್ಯಾಬುಗಳಲ್ಲಿ ನಡೆಯುತ್ತಿದ್ದವು. ಇಲ್ಲದ ರೋಗ ಇದೆ ಎನ್ನುತ್ತಿದ್ದವು, ಇದ್ದದ್ದನ್ನು ಇಲ್ಲ ಎನ್ನುತ್ತಿದ್ದವು. 2012ರಲ್ಲಿ ಕೇಂದ್ರ ಸರ್ಕಾರ ಅವುಗಳನ್ನು ನಿಷೇಧಿಸಿತು.

ಪರೀಕ್ಷೆ ಎಷ್ಟೇ ಒಳ್ಳೆಯದಿದ್ದರೂ ರೋಗಿಯ ಕಫ ಅಲ್ಲಿಗೆ ತಲುಪಬೇಕಲ್ಲ. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿರುವ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾದದ್ದು 1959ರಲ್ಲಿ. ಅಲ್ಲಿಯ ಡಾ. ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ 1960ರ ದಶಕದ ಆರಂಭದಲ್ಲಿ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯರೋಗಿಗಳ ಮನೆಮನೆಗೆ ಹೋಗಿ ವಿಚಾರಿಸಿದರು. ಹಳ್ಳಿಯವರಿಗೆ ತಿಳಿವಳಿಕೆಯಿಲ್ಲ, ಆಸ್ಪತ್ರೆಗೆ ಬರುವುದಿಲ್ಲ ಎಂಬುದು ಆಗಿನ ದೊಡ್ಡವರ ನಂಬಿಕೆ. ಕಂಡದ್ದು ಬೇರೆಯೇ. ರೋಗಿಗಳಲ್ಲಿ ಅರ್ಧದಷ್ಟು ಜನ ಆಗಲೇ ಕೆಮ್ಮು, ಜ್ವರ ಎಂದು ಆಸ್ಪತ್ರೆಯ ಬಾಗಿಲಿಗೆ ಹೋಗಿದ್ದರು. ಅವರಲ್ಲಿ ಹೆಚ್ಚಿನವರಿಗೆ ಕೆಮ್ಮಿನ ಮಿಕ್ಚರ್ ಬಾಟಲಿ ಕೊಟ್ಟು ಕಳಿಸಲಾಗಿತ್ತು. ಅದೇ ದಶಕದಲ್ಲಿ ಬೆಂಗಳೂರು ಸುತ್ತಲ ಹಳ್ಳಿಗಳಲ್ಲಿ ಇದೇ ಸಂಸ್ಥೆ ನಡೆಸಿದ ಇನ್ನೊಂದು ಅಧ್ಯಯನದಲ್ಲಿ, ಕಫದಲ್ಲಿ ಕ್ಷಯ ಕಂಡವರಲ್ಲಿ ಐದು ವರ್ಷದ ಹೊತ್ತಿಗೆ ಸುಮಾರು ಅರ್ಧದಷ್ಟು ಜನ ತೀರಿಕೊಂಡಿದ್ದರು.

ಈ ಎರಡು ಅಧ್ಯಯನಗಳನ್ನು ಓದಿದ ಮೇಲೆ ನಾನು ಗಡಿಯಾರ ನೋಡುವ ರೀತಿ ಬದಲಾಯಿತು. ಟ್ಯೂಬು ಯಂತ್ರಕ್ಕೆ ಹೋದ ದಿನದಿಂದ ಎಣಿಸುವುದಲ್ಲ. ಕೆಮ್ಮು ಶುರುವಾದ ದಿನದಿಂದ ಮೊದಲ ಮಾತ್ರೆ ನುಂಗುವ ದಿನದವರೆಗೆ ಎಣಿಸಬೇಕು. ಹಾಗೆ ಎಣಿಸಿದರೆ ಲ್ಯಾಬಿನ ಒಳಗೆ ಉಳಿಸಿದ ಇಪ್ಪತ್ತೆಂಟು ದಿನ ಹೊರಗೆ ಹೇಗೆಲ್ಲ ಪೋಲಾಗುತ್ತದೆ ಎಂಬುದು ಕಾಣುತ್ತದೆ.

ಮೊದಲ ಪೋಲು ಡಬ್ಬಿಯಲ್ಲೇ. ನಮಗೆ ಬರುವ ಮಾದರಿಗಳಲ್ಲಿ ಎಷ್ಟೋ ಬರೀ ಎಂಜಲು. ರೋಗಿಯ ತಪ್ಪಲ್ಲ, ಯಾರೂ ಹೇಳಿಕೊಟ್ಟಿರುವುದಿಲ್ಲ. ಕೈಗೆ ಡಬ್ಬಿ ಕೊಟ್ಟು “ಉಗುಳಿ ತಗೊಂಬಾ” ಎಂದರೆ ಉಗುಳಿ ತರುತ್ತಾರೆ. ನಮ್ಮಲ್ಲಿದ್ದ ಹಿರಿಯ ಟೆಕ್ನಿಷಿಯನ್ ಒಬ್ಬರು ತಾವೇ ಹೊರಗೆ ಹೋಗಿ ಮರದ ಕೆಳಗೆ ನಿಂತು ತೋರಿಸುತ್ತಿದ್ದರು. “ನೋಡಮ್ಮಾ, ಬಾಯಿ ಮುಕ್ಕಳಿಸಿ, ಎರಡು ಸಲ ದೀರ್ಘ ಉಸಿರು ಎಳ್ಕೊಂಡು, ಒಳಗಿಂದ ಕೆಮ್ಮಿ ಕ್ಯಾಕರಿಸಿ ತೆಗೀಬೇಕು. ಎಂಜಲು ಬೇಡ, ಕಫ ಬೇಕು.” ಹೆಣ್ಣುಮಕ್ಕಳು ನಾಚಿ ಸೆರಗು ಬಾಯಿಗೆ ಹಿಡಿದು ನಿಂತರೆ ಅವರು ಬೆನ್ನು ತಿರುಗಿಸಿ ಕಾಯುತ್ತಿದ್ದರು. ಅಂಥ ಮಾದರಿಯಲ್ಲಿ ಬೆಳೆ ತಪ್ಪುತ್ತಿರಲಿಲ್ಲ. ಇನ್ನು ಮಾದರಿ ಬಿಸಿಲಲ್ಲಿ ಬಸ್ಸಿನ ಡಿಕ್ಕಿಯಲ್ಲಿ ಮೂರು ದಿನ ಕಳೆದು ಬಂದರೆ ಬಾಯಿಯ ಬ್ಯಾಕ್ಟೀರಿಯಾಗಳು ಕ್ಷಯವನ್ನು ಮುಳುಗಿಸಿಬಿಟ್ಟಿರುತ್ತವೆ. ಆಗ ಎಂಥ ಪಟ್ಟಿಯೂ ಕೆಲಸಕ್ಕೆ ಬಾರದು.

ನನ್ನ ಕೆಲಸದ ಕೊನೆಯ ವರ್ಷದ ಒಂದು ಮಾದರಿ ಪಾವಗಡ ಕಡೆಯದು. ಇಪ್ಪತ್ತೆರಡರ ಹುಡುಗ. ಟ್ರೂನ್ಯಾಟ್‌ನಲ್ಲಿ ಏನೂ ಸಿಕ್ಕಿರಲಿಲ್ಲ, ಎಕ್ಸ್‌ರೇಯಲ್ಲಿ ಮಾತ್ರ ಎಡಗಡೆ ಮೇಲೆ ಸಣ್ಣ ಮೋಡ. ಮಾದರಿ ನಮ್ಮನ್ನು ತಲುಪಲು ನಾಲ್ಕು ದಿನ. ಹದಿನೇಳನೇ ದಿನ ದೀಪ ಹೊತ್ತಿತು. ತಳದಲ್ಲಿ ನುಚ್ಚು, ಸ್ಲೈಡಿನಲ್ಲಿ ಹೆರಳು, ಆರನೇ ನಿಮಿಷಕ್ಕೆ ಎರಡನೇ ಗೆರೆ. ಬ್ಲಡ್ ಅಗಾರ್ ತಟ್ಟೆ ಎರಡು ದಿನ ಖಾಲಿಯಾಗಿಯೇ ಉಳಿಯಿತು. ಫಲಿತಾಂಶವನ್ನು ಕ್ಷಯರೋಗಿಗಳನ್ನು ದಾಖಲಿಸುವ ಸರ್ಕಾರಿ ನಿಕ್ಷಯ್ ಪೋರ್ಟಲ್ಲಿಗೆ ಹಾಕಿ, ತಾಲ್ಲೂಕಿನಲ್ಲಿ ಚಿಕಿತ್ಸೆಯ ಉಸ್ತುವಾರಿ ನೋಡುವ ಎಸ್‌ಟಿಎಸ್‌ಗೆ ನಾನೇ ಫೋನು ಮಾಡಿದೆ. “ಹುಡುಗ ಊರಲ್ಲಿಲ್ಲ ಮೇಡಂ, ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿದಾನಂತೆ. ಅವರಮ್ಮನ ಹತ್ರ ನಂಬರ್ ಇಸ್ಕೊಂಡಿದೀನಿ, ಸ್ವಿಚ್ ಆಫ್ ಬರ್ತಿದೆ” ಎಂದರು.

ಐದು ದಿನ ಸುದ್ದಿಯಿಲ್ಲ. ಆರನೇ ದಿನ ಸಂಜೆ ಅವರದೇ ಫೋನು ಬಂತು. ಹಿಂದೆ ಲಾರಿಗಳ ಸದ್ದು.

“ಸಿಕ್ಕ ಮೇಡಂ. ಹೆಬ್ಬಾಳದ ಹತ್ರ ಶೆಡ್‌ನಲ್ಲಿದ್ದ. ನಾನೇ ಬಂದ್ಬಿಟ್ಟೆ. ಇಲ್ಲಿನ ಪಿಎಚ್‌ಸಿಯಲ್ಲಿ ಮಾತಾಡಿದೀನಿ, ನಾಳೆ ಬೆಳಿಗ್ಗೆಯಿಂದ ಮಾತ್ರೆ ಶುರು. ಶೆಡ್ಡಲ್ಲಿ ಇನ್ನೂ ಆರು ಜನ ಇದಾರೆ. ಇಬ್ಬರು ಕೆಮ್ತಾ ಇದಾರೆ. ಡಬ್ಬಿ ಕೊಟ್ಟಿದೀನಿ, ಬೆಳಿಗ್ಗೆ ಎದ್ದ ತಕ್ಷಣ ಹೇಗೆ ತೆಗೀಬೇಕು ಅಂತ ತೋರಿಸಿಯೂ ಬಂದಿದೀನಿ.”